ಬಿಳುಪು ತೊಳೆದ ನೀರು

ನನ್ನ ಅತ್ತೆಯನ್ನು ನಾನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಅತ್ತೆ ಸೊಸೆ ತಬ್ಬಿಕೊಂಡು ಅತ್ತರು ಅನ್ನುವ ಕಥೆಗೆ ಕಾದಿರುವವರು ಈಗಲೇ ಎದ್ದು ಹೋಗಬಹುದು. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಅಂತ ನನ್ನ ಮಗಳು ಹೇಳುತ್ತಾಳೆ. ಸತ್ತದ್ದು ಅತ್ತೆಯೊಬ್ಬಳೇ ಅಲ್ಲವಲ್ಲ. ನನ್ನ ಎರಡು ಕೂಸುಗಳೂ ಸತ್ತಿವೆ. ಅವುಗಳ ಪರವಾಗಿ ಹಗೆ ಇಟ್ಟುಕೊಳ್ಳಲು ನನ್ನನ್ನು ಬಿಟ್ಟರೆ ಯಾರಿದ್ದಾರೆ. ಅತ್ತೆಯನ್ನು ‘ಅವಳು’ ಅಂತ ಬರೆಯುವುದಕ್ಕೆ ಅಗೌರವ ಅಂದುಕೊಳ್ಳಬೇಡಿ, ನಮ್ಮ ಕಡೆ ಮನೆಯವರನ್ನು ಹಾಗೆಯೇ ಅನ್ನುವುದು. ಅಗೌರವ ಮುಂದೆ ಬರುತ್ತದೆ.

ಎಂಬತ್ತರ ದಶಕದ ನಡುವಿನಲ್ಲಿ ನನ್ನ ಮದುವೆಯಾಯಿತು. ನನ್ನಪ್ಪ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಯಲ್ಲಿ ತಕ್ಕಡಿಯ ಹತ್ತಿರ ಕೆಲಸಕ್ಕಿದ್ದ. ರೇಷ್ಮೆಗೂಡು ತರುವ ರೈತರೆಲ್ಲ ಅವನಿಗೆ ಗೊತ್ತು. ಮಾಂಬಳ್ಳಿಯ ಆಚೆಯ ಒಂದು ಊರಿನಿಂದ ಬರುವ ಗೂಡು ಮಾತ್ರ ಪ್ರತಿ ಸಲವೂ ಬೆಳ್ಳಗೆ, ಗಟ್ಟಿಗೆ ಇರುತ್ತಿತ್ತಂತೆ. ಇಷ್ಟು ಒಳ್ಳೆಯ ಗೂಡು ಕಟ್ಟಿಸುವ ಮನೆ ಒಳ್ಳೆಯ ಮನೆಯೇ ಇರಬೇಕು ಅಂತ ಅಪ್ಪ ಲೆಕ್ಕ ಹಾಕಿ ನನ್ನನ್ನು ಅಲ್ಲಿಗೆ ಕೊಟ್ಟ. ಗೂಡು ನೋಡಿ ಹೆಣ್ಣು ಕೊಟ್ಟವನು ಅವನೊಬ್ಬನೇ ಇರಬೇಕು.

ಗೂಡಿನ ಆ ಹೆಸರೆಲ್ಲ ಅತ್ತೆಯದು. ಅವಳ ಕೈಗೆ ಹುಳ ಒಲಿದಿದ್ದವು. ಸುತ್ತಲಿನ ಊರಿನವರು ಹಿಪ್ಪುನೇರಳೆ ಸೊಪ್ಪಿನ ತೇವ ಎಷ್ಟಿರಬೇಕು, ಹುಳ ಜ್ವರಕ್ಕೆ ಕೂತಾಗ ಯಾವಾಗ ಮೇವು ನಿಲ್ಲಿಸಬೇಕು ಅಂತ ಅವಳನ್ನು ಕೇಳಲು ಬರುತ್ತಿದ್ದರು. ಹುಳ ಪೊರೆ ಬಿಡುವ ಮುಂಚೆ ತಲೆಯೆತ್ತಿ ಮಂಕಾಗಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಹುಳ ಜ್ವರದಲ್ಲಿದ್ದರೆ ಅವಳು ಮನೆಯಲ್ಲಿ ಯಾರನ್ನೂ ಜೋರಾಗಿ ಮಾತಾಡಲು ಬಿಡುತ್ತಿರಲಿಲ್ಲ. ನನಗೆ ನಿಜವಾದ ಜ್ವರ ಬಂದಾಗ ಮಾತ್ರ ಅಡಿಗೆಮನೆಯಲ್ಲಿ ಪಾತ್ರೆ ದಡಬಡ ಅನ್ನುತ್ತಿದ್ದವು.

ಹುಳಮನೆಗೆ ನಮ್ಮ ದೇವರಮನೆಗೂ ಇಲ್ಲದ ಕಟ್ಟುಪಾಡುಗಳಿದ್ದವು. ಒಗ್ಗರಣೆಯ ಘಾಟು ಆ ಕಡೆ ಹೋಗಬಾರದು. ಬೀಡಿ ಸೇದಿದವರು, ಮಲ್ಲಿಗೆ ಮುಡಿದವರು ಬಾಗಿಲು ದಾಟಬಾರದು. ಮುಟ್ಟಾದವರಂತೂ ಜಗಲಿಯ ಆ ತುದಿಗೇ ನಿಲ್ಲಬೇಕು. ಪ್ರತಿ ಬೆಳೆ ಮುಗಿದ ಮೇಲೆ ತಟ್ಟೆ, ಬಲೆ, ನೆಲ, ಗೋಡೆ ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ತೊಳೆಯಬೇಕು. ರೇಷ್ಮೆ ಇಲಾಖೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಸಾಹೇಬರು ಒಮ್ಮೆ, ರೋಗ ಕಣ್ಣಿಗೆ ಕಾಣುವುದಿಲ್ಲ, ತೊಳೆದಷ್ಟೂ ಒಳ್ಳೆಯದು ಅಂದಿದ್ದರಂತೆ. ಅವರು ಹೇಳಿದ್ದು ತಟ್ಟೆಗೆ. ಅತ್ತೆ ಅದನ್ನು ವೇದ ಮಾಡಿಕೊಂಡಳು.

ಮದುವೆಯಾದ ವರ್ಷದೊಳಗೆ ನನಗೆ ಬಿಳುಪು ಹೋಗಲು ಶುರುವಾಯಿತು. ತೆಳ್ಳಗೆ, ಬೂದು ಬೆರೆತ ಬಿಳುಪು. ಅದಕ್ಕೊಂದು ವಾಸನೆ, ತೊಳೆಯದೆ ಇಟ್ಟ ಮೀನಿನ ಪಾತ್ರೆಯ ಹಾಗೆ. ನವೆಯಿಲ್ಲ, ನೋವಿಲ್ಲ, ವಾಸನೆ ಮಾತ್ರ. ಯಾರಿಗೆ ಹೇಳುವುದು. ಗಂಡನಿಗೆ ಹೇಳಲು ನಾಚಿಕೆ. ಅವನೂ ಕೇಳಲಿಲ್ಲ. ಪಕ್ಕದ ಮನೆಯವಳು ಉಷ್ಣ ಕಣಮ್ಮಿ ಅಂದಳು. ಜೀರಿಗೆ ನೆನೆಸಿದ ನೀರು ಕುಡಿದೆ, ಮಜ್ಜಿಗೆ ಕುಡಿದೆ, ಮೆಂತ್ಯ ನುಂಗಿದೆ. ಉಷ್ಣ ಇಳಿಯಿತೋ ಏನೋ, ಬಿಳುಪು ಇಳಿಯಲಿಲ್ಲ. ಅಷ್ಟರಲ್ಲಿ ನಾನು ಬಸಿರಾದೆ.

ನನಗೆ ಮೂರು ತಿಂಗಳಾಗಿದ್ದಾಗ ಹುಳಮನೆಯಲ್ಲಿ ಹಾಲುರೋಗ ಬಿತ್ತು. ನಾಲ್ಕನೇ ಜ್ವರ ಎದ್ದ ಹುಳಗಳು ಊದಿಕೊಂಡು ತಟ್ಟೆಯ ಅಂಚಿನಲ್ಲಿ ಸುತ್ತುತ್ತಿದ್ದವು, ಮುಟ್ಟಿದರೆ ಹಾಲಿನಂಥ ರಸ ಸುರಿಯುತ್ತಿತ್ತು. ಅತ್ತೆ ಒಂದೊಂದೇ ಹುಳ ಆರಿಸಿ ಸುಣ್ಣದ ಬೋಗುಣಿಗೆ ಹಾಕುತ್ತ ಹಾಕುತ್ತ ನನ್ನ ಪಕ್ಕ ಬಂದು ನಿಂತಳು. ಮೂಗು ಅರಳಿಸಿದಳು. ಹುಳಮನೆಯವರ ಮೂಗು ನಾಯಿಯ ಮೂಗಿಗಿಂತ ಚುರುಕು, ಹುದುಗು ಬಂದ ಸೊಪ್ಪನ್ನು ಹತ್ತು ಮಾರು ದೂರದಿಂದ ಹೇಳುತ್ತಾರೆ.

“ನಿನ್ ಮೈಯಿಂದ ವಾಸ್ನ ಬತ್ತದ ಕಣಮ್ಮಿ. ಒಳಗ ಕೊಳೆ ಅದ. ಉಳ ಅದಕೇ ಸಾಯ್ತವ.”

ಜೋರು ಮಾಡಿ ಹೇಳಲಿಲ್ಲ, ಬಯ್ಯಲಿಲ್ಲ. ಮೆಲ್ಲಗೆ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದಳು. ತಟ್ಟೆ ತೊಳೆಯಲು ಕದಡಿ ಇಟ್ಟಿದ್ದ ಬ್ಲೀಚಿಂಗ್ ನೀರಿನ ಮೇಲಿನ ತಿಳಿಯನ್ನು ಒಂದು ಚೊಂಬಿಗೆ ಬಸಿದು, ಅದಕ್ಕೆ ನಾಲ್ಕು ಚೊಂಬು ಬಾವಿನೀರು ಬೆರೆಸಿದಳು. ತನ್ನ ಮಣಿಕಟ್ಟಿನ ಮೇಲೆ ಸುರಿದುಕೊಂಡು ಉರಿಯುತ್ತದೆಯೇ ಅಂತ ನೋಡಿದಳು. ಬೆರಳಿಗೆ ಹಳೆಯ ಸೀರೆಯ ಮೆತ್ತನೆಯ ಬಟ್ಟೆ ಹೇಗೆ ಸುತ್ತಿಕೊಳ್ಳಬೇಕು, ಒಳಗೆ ಹೇಗೆ ತೊಳೆಯಬೇಕು ಅಂತ ಹೇಳಿಕೊಟ್ಟಳು. ನಾನು ತೊಳೆದುಕೊಳ್ಳುವವರೆಗೂ ಬಾಗಿಲಿಗೆ ಬೆನ್ನು ಮಾಡಿ ಕಾದಳು.

ಅವಳು ಕೆಟ್ಟತನದಿಂದ ಮಾಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಮಣಿಕಟ್ಟಿನ ಮೇಲೆ ಸುರಿದುಕೊಂಡು ನೋಡಿದಳಲ್ಲ, ಅದು ನನ್ನ ಹೊಟ್ಟೆ ಉರಿಸುತ್ತದೆ. ಅಷ್ಟು ಜೋಪಾನವಾಗಿ ಯಾರಾದರೂ ಯಾರನ್ನಾದರೂ ಹಾಳು ಮಾಡುತ್ತಾರೆಯೇ.

ದಿನಾ ಬೆಳಿಗ್ಗೆ ಸೊಪ್ಪು ಹಾಕುವ ಮುಂಚೆ ಬಚ್ಚಲು. ತೊಳೆದ ಕೂಡಲೇ ವಾಸನೆ ಹೋಗುತ್ತಿತ್ತು. ಮಾರನೆಯ ದಿನ ಇಮ್ಮಡಿಯಾಗಿ ಬರುತ್ತಿತ್ತು. ಮತ್ತೆ ತೊಳಿ. ನನ್ನ ಚರ್ಮ ಸುಲಿದು ಉರಿಯುತ್ತಿದ್ದರೂ ನಾನೂ ಬಿಡದೆ ತೊಳೆದೆ. ಆ ವಾಸನೆ ನನಗೂ ಬೇಡವಾಗಿತ್ತು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಹೇಳಿಕೊಟ್ಟವಳು ಅವಳು.

ಏಳನೇ ತಿಂಗಳಲ್ಲಿ, ಬೆಳಿಗ್ಗೆ, ಸೊಪ್ಪು ಕತ್ತರಿಸುತ್ತ ಕೂತಿದ್ದವಳ ಕೆಳಗೆ ಚಾಪೆ ಒದ್ದೆಯಾಯಿತು. ಗಂಡುಕೂಸು. ಅಂಗೈಗೆ ಸ್ವಲ್ಪ ಹೆಚ್ಚು. ಸಂಜೆ ಹಾಲು ಕರೆಯುವ ಹೊತ್ತಿನವರೆಗೆ ಉಸಿರಾಡಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅತ್ತೆ ಅತ್ತಳು. ಎದೆ ಬಡಿದುಕೊಂಡೇ ಅತ್ತಳು. ಅತ್ತು ಮುಗಿಸಿ, ಒಳಗಿನ ಕೊಳೆ ಪೂರ್ತಿ ಹೋಗಿರಲಿಲ್ಲ, ಅದಕ್ಕೇ ಕೂಸು ನಿಲ್ಲಲಿಲ್ಲ ಅಂದಳು.

ಹಾಗಾಗಿ ಎರಡನೇ ಬಸಿರಿನಲ್ಲಿ ತೊಳೆಯುವುದು ದಿನಕ್ಕೆ ಎರಡು ಸಲವಾಯಿತು. ಬೆರೆಸುವ ಬಾವಿನೀರು ಮೂರು ಚೊಂಬಿಗೆ ಇಳಿಯಿತು. ಆ ಕೂಸು ಆರು ತಿಂಗಳು ತುಂಬಿದ ವಾರವೇ ಬಂತು. ಹೆಣ್ಣು. ಅಳಲಿಲ್ಲ. ಅದರ ಕಾಲಿನ ಉಗುರು ನನಗೆ ನೆನಪಿದೆ, ಅಕ್ಕಿಯ ನುಚ್ಚಿನಷ್ಟು. ಊರಿನ ಹೆಂಗಸರು ನೀರು ಸೇದುವಾಗ ನನ್ನನ್ನು ಕಂಡು ಮಾತು ನಿಲ್ಲಿಸುವುದು ಶುರುವಾದದ್ದು ಆಮೇಲೆ. ಅತ್ತೆ ಅವರ ಮುಂದೆ, ಪಾಪ, ಅವಳ ತಪ್ಪೇನಿಲ್ಲ, ಒಳಗೇ ಕೊಳೆ ಅನ್ನುತ್ತಿದ್ದಳು. ನನ್ನ ಪರವಾಗಿ ಮಾತಾಡುತ್ತಿರುವುದಾಗಿಯೇ ಅವಳು ತಿಳಿದಿದ್ದಳು. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಒಡೆದದ್ದು ಪಾತ್ರೆಯಲ್ಲ.

ಮೂರನೆಯ ಸಲ ಬಸಿರಾದಾಗ ನನ್ನವ್ವ ಸುಮ್ಮನಿರಲಿಲ್ಲ. ನಾಲ್ಕು ತಿಂಗಳು ತುಂಬಿದ ಮೇಲೆ ಕೊಳ್ಳೇಗಾಲಕ್ಕೆ ಕರೆಸಿಕೊಂಡು, ಮಾರನೆಯ ಬೆಳಿಗ್ಗೆ ಹನೂರಿನ ಬಸ್ಸು ಹತ್ತಿಸಿ ಕಾಮಗೆರೆಯಲ್ಲಿ ಇಳಿಸಿದಳು. ಅಲ್ಲಿಯ ಆಸ್ಪತ್ರೆಯಲ್ಲಿ ಆಗ ಇದ್ದ ಡಾಕ್ಟರಮ್ಮ ತಮಿಳುನಾಡಿನ ಕಡೆಯವರು. ಕನ್ನಡ ನಿಧಾನವಾಗಿ, ಒಂದೊಂದು ಮಾತನ್ನೂ ತೂಗಿ ಆಡುತ್ತಿದ್ದರು. ಬೇರೆ ಭಾಷೆಯಾದ್ದರಿಂದಲೋ, ಅವರ ಸ್ವಭಾವವೇ ಹಾಗೋ. ಮೊದಲ ಎರಡು ಕೂಸಿನ ವಿಷಯ ಕೇಳಿದರು, ಎಷ್ಟನೇ ತಿಂಗಳು, ನೀರು ಮೊದಲು ಹೋಯಿತಾ ನೋವು ಮೊದಲು ಬಂತಾ ಅಂತ ವಿಚಾರಿಸಿದರು. ಪರೀಕ್ಷೆ ಮಾಡಿ, ತೆಗೆದ ಬಿಳುಪಿನ ಮೇಲೆ ಏನೋ ಒಂದು ಹನಿ ಬಿಟ್ಟು ತಾವೇ ಮೂಸಿ ನೋಡಿದರು. ಮುಖ ಸಿಂಡರಿಸಲಿಲ್ಲ. ಆ ವಾಸನೆಯನ್ನು ಮೂಸಿ ಮುಖ ಸಿಂಡರಿಸದೇ ಇದ್ದವರು ಅವರೇ ಮೊದಲು. ನನಗೆ ಅಳು ಬಂತು.

ಆಮೇಲೆ ಒಂದು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ಟರು. ಅದು ನನಗೆ ಗೊತ್ತಿದ್ದ ಯಂತ್ರ. ಹುಳದ ಮೊಟ್ಟೆ ತರಲು ಅತ್ತೆಯ ಜೊತೆ ರೇಷ್ಮೆ ಇಲಾಖೆಯ ಮೊಟ್ಟೆ ಕೇಂದ್ರಕ್ಕೆ ಹೋದಾಗ ನೋಡಿದ್ದೆ. ಅಲ್ಲಿ ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು, ಆ ರಸವನ್ನು ಅದರಲ್ಲಿ ನೋಡಿ, ಗಂಟುರೋಗವಿದ್ದರೆ ಮೊಟ್ಟೆಯನ್ನೆಲ್ಲ ಸುಡುತ್ತಾರೆ. ನನಗೂ ತೋರಿಸುತ್ತೀರಾ ಅಂತ ಕೇಳಿದೆ. ಅವರಿಗೆ ಆಶ್ಚರ್ಯವಾಯಿತು, ಆದರೂ ಸ್ಟೂಲು ಸರಿಸಿದರು. ದುಂಡನೆಯ ಬೆಳಕಿನಲ್ಲಿ ಅಗಲಗಲವಾದ ತುಣುಕುಗಳಿದ್ದವು, ಅವುಗಳ ಮೇಲೆ ಸಣ್ಣ ಸಣ್ಣ ಚುಕ್ಕೆ ಮೆತ್ತಿ ಅಂಚೇ ಕಾಣುತ್ತಿರಲಿಲ್ಲ, ಹಿಟ್ಟು ಉದುರಿಸಿ ತಟ್ಟಿದ ರೊಟ್ಟಿಯ ಹಾಗೆ. ಆ ಚುಕ್ಕೆಗಳೇ ರೋಗದ ಕ್ರಿಮಿ ಅಂದರು.

ಏನು ಹಾಕಿ ತೊಳೆಯುತ್ತೀಯ ಅಂತ ಕೇಳಿದರು. ಹೇಳಿದೆ. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುತ್ತೀಯಲ್ಲ ಅಂದರು. ಆ ಹೆಪ್ಪಿನಲ್ಲಿ ಇರುವಂಥ ಒಳ್ಳೆಯ ಕ್ರಿಮಿಗಳು ಹೆಂಗಸಿನ ಒಳಗೂ ಇರುತ್ತವಂತೆ. ಅವು ಅಲ್ಲಿ ಹುಳಿ ಹುಟ್ಟಿಸಿ, ಕೆಟ್ಟ ಕ್ರಿಮಿ ಬೆಳೆಯದಂತೆ ಕಾಯುತ್ತವಂತೆ. ಏನನ್ನೋ ಹಾಕಿ ದಿನಾ ತೊಳೆದರೆ ಸಾಯುವುದು ಮೊದಲು ಆ ಒಳ್ಳೆಯವೇ. ಜಾಗ ಖಾಲಿಯಾದರೆ ಕೆಟ್ಟವು ಬಂದು ಕೂರುತ್ತವೆ. ಅವು ಮೇಲಕ್ಕೆ ಹತ್ತಿದರೆ ಕೂಸಿನ ಸುತ್ತಿನ ಚೀಲಕ್ಕೆ ತೊಂದರೆಯಾಗಿ, ದಿನ ತುಂಬುವ ಮುಂಚೆಯೇ ನೀರೊಡೆಯುವುದುಂಟು. ಇಷ್ಟನ್ನೂ ಅವರು ನನ್ನಂಥವಳಿಗೆ ಅರ್ಥವಾಗುವ ಹಾಗೆ ಹೇಳಿದರು. ಹತ್ತನೇ ಕ್ಲಾಸಿನ ಯಾವ ಮೇಷ್ಟರೂ ಅಷ್ಟು ಚೆನ್ನಾಗಿ ಹೇಳಿಕೊಟ್ಟಿರಲಿಲ್ಲ.

ನಾನು ಒಂದೇ ಮಾತು ಕೇಳಿದೆ. ನನ್ನ ಎರಡು ಕೂಸೂ ಹೋದದ್ದು ಆ ನೀರಿನಿಂದಲೇನಾ?

“ಇರಬಹುದು” ಅಂದರು. “ಅದರಿಂದಲೇ ಅಂತ ನಾನು ಹೇಳಲ್ಲಮ್ಮ. ತೊಳೀದೇ ಇರೋರಿಗೂ ಈ ಕ್ರಿಮಿ ಬರುತ್ತೆ. ಕ್ರಿಮಿ ಇರೋರಲ್ಲೂ ಎಷ್ಟೋ ಜನಕ್ಕೆ ದಿನ ತುಂಬಿ ಹೆರಿಗೆ ಆಗುತ್ತೆ.”

ಮತ್ತೊಮ್ಮೆ ಕೇಳಿದೆ. ಮತ್ತೆ ‘ಇರಬಹುದು’ ಅಂದರು. ಏಳು ದಿನಕ್ಕೆ ಮಾತ್ರೆ ಕೊಟ್ಟರು. ಇದನ್ನು ನುಂಗಿದ ಮಾತ್ರಕ್ಕೆ ಕೂಸು ನಿಂತೇ ನಿಲ್ಲುತ್ತದೆ ಅಂತಲೂ ತಿಳಿಯಬೇಡ, ತಿಂಗಳು ತಿಂಗಳು ಬಂದು ತೋರಿಸು, ನೀರನ್ನು ಒಳಗೆ ಬಿಡಬೇಡ, ಹೊರಗೆ ಬರೀ ನೀರಿನಲ್ಲಿ ತೊಳೆದರೆ ಸಾಕು ಅಂದರು. ಆ ಮಾತ್ರೆ ನುಂಗಿದರೆ ಬಾಯೆಲ್ಲ ತುಕ್ಕು ಕಬ್ಬಿಣ ನೆಕ್ಕಿದ ರುಚಿ.

ಇನ್ನು ನನ್ನ ಅಗೌರವ. ವಾಪಸು ಬರುವ ಬಸ್ಸಿನಲ್ಲಿ ನನ್ನವ್ವ ತೂಕಡಿಸುತ್ತಿದ್ದಳು. ನಾನು ಕಿಟಕಿಯ ಪಕ್ಕ ಕೂತು ಡಾಕ್ಟರಮ್ಮ ಹೇಳಿದ್ದನ್ನು ಬಾಯಿಪಾಠ ಮಾಡುತ್ತಿದ್ದೆ. ‘ಇರಬಹುದು’ ಅನ್ನುವುದನ್ನು ಇಟ್ಟುಕೊಂಡು ಯಾರ ಮೇಲೆ ಸೇಡು ತೀರಿಸಿಕೊಳ್ಳಲು ಆಗುತ್ತದೆ? ಅದು ಕೈಗೆ ಹಿಡಿಯಲು ಸಿಗುವ ಮಾತೇ ಅಲ್ಲ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡು ಬರುವಷ್ಟರಲ್ಲಿ ಡಾಕ್ಟರಮ್ಮನ ‘ಇರಬಹುದು’ ನನ್ನ ಬಾಯಲ್ಲಿ ‘ಅದರಿಂದಲೇ’ ಆಗಿತ್ತು. ಅವರು ಬೇಕೆಂದೇ ಬಿಟ್ಟಿದ್ದ ‘ಲೇ’ ಅನ್ನುವ ಒಂದಕ್ಷರವನ್ನು ನಾನು ಸೇರಿಸಿಕೊಂಡೆ. ತಿಳಿಯದೆ ಮಾಡಿದ್ದಲ್ಲ. ತಿಳಿದೇ ಮಾಡಿದೆ.

ಊರಿಗೆ ಹೋಗುವುದನ್ನು ನಾನು ನಾಲ್ಕು ದಿನ ತಡ ಮಾಡಿದೆ. ಗೂಡು ಬಿಡಿಸುವ ದಿನ ಯಾವುದು ಅಂತ ನನಗೆ ಗೊತ್ತಿತ್ತು. ಅವತ್ತು ಕೇರಿಯ ಹೆಂಗಸರೆಲ್ಲ ನಮ್ಮ ಜಗಲಿಯ ಮೇಲೆ ಕೂತು, ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಂದ ಗೂಡು ಬಿಡಿಸುತ್ತಾರೆ. ಮಾತು ಒಂದು ಕಡೆ, ಕೈ ಒಂದು ಕಡೆ. ಅತ್ತೆ ನಡುವೆ ಕೂತಿದ್ದಳು. ಅವತ್ತಿನ ಗೂಡು ಚೆನ್ನಾಗಿ ಬಂದಿತ್ತು, ಅವಳ ಮುಖ ಅರಳಿತ್ತು. ಡಾಕ್ಟ್ರು ಏನಂದ್ರಮ್ಮಿ ಅಂತ ಅವಳೇ ಕೇಳಿದಳು. ಬೇರೆ ಯಾರೂ ಕೇಳಬೇಕಾಗಲಿಲ್ಲ.

“ಬ್ಲೀಚಿಂಗ್ ನೀರ್ನಿಂದ್ಲೇ ಎಲ್ಡು ಕೂಸೂ ಓದ್ವಂತೆ ಕಣತ್ತೆ. ತೊಳ್ಸಿದೋರೇ ಕೊಂದ್ರು ಅಂದ್ರು.”

ಎರಡನೆಯ ವಾಕ್ಯವನ್ನು ಡಾಕ್ಟರಮ್ಮ ಕನಸಿನಲ್ಲೂ ಹೇಳಿರಲಿಲ್ಲ. ಬಿಡಿಸುತ್ತಿದ್ದ ಕೈಗಳೆಲ್ಲ ನಿಂತವು. ಅತ್ತೆ ನನ್ನ ಮುಖ ನೋಡಿದಳು, ಆಮೇಲೆ ತನ್ನ ಕೈ ನೋಡಿಕೊಂಡಳು. ತಿರುಗಿ ಬೈದಿದ್ದರೆ ಜಗಳವಾದರೂ ಆಗುತ್ತಿತ್ತು, ಅದಕ್ಕೆ ನಾನು ಸಿದ್ಧಳಾಗಿಯೇ ಬಂದಿದ್ದೆ. ಅವಳು ಎದ್ದು ಒಳಗೆ ಹೋದಳು. ಕೇರಿಯ ತುಂಬ ಸುದ್ದಿ ಹರಡಲು ಅವತ್ತಿನ ಊಟದ ಹೊತ್ತು ಕೂಡ ಬೇಕಾಗಲಿಲ್ಲ. ನನಗೆ ಆವತ್ತು ಹೊಟ್ಟೆ ತುಂಬ ಹಸಿವಾಗಿ, ಮುದ್ದೆಯ ಮೇಲೆ ಮುದ್ದೆ ಉಂಡೆ. ಅಷ್ಟು ರುಚಿಯಾಗಿ ನಾನು ಉಂಡದ್ದು ಆ ಮನೆಯಲ್ಲಿ ಅದೇ ಮೊದಲು.

ಮುಂದಿನ ಬೆಳೆಗೆ ಅತ್ತೆ ಹುಳಮನೆಗೆ ಕಾಲಿಡಲಿಲ್ಲ. ತನ್ನ ಕೈ ಕೆಟ್ಟ ಕೈ ಅಂತ ಮಗನಿಗೆ ಹೇಳಿದಳಂತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಹುಳಮನೆ ನನ್ನದಾಯಿತು. ಅವಳ ಕೈಗೆ ಬರುತ್ತಿದ್ದಂಥ ಗೂಡು ನನ್ನ ಕೈಗೆ ಯಾವತ್ತೂ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಹಾಲುರೋಗಕ್ಕೂ ಹೆಂಗಸಿನ ವಾಸನೆಗೂ ಸಂಬಂಧವೇ ಇಲ್ಲ, ಆ ಸಲ ಮಳೆಯಲ್ಲಿ ನೆನೆದ ಸೊಪ್ಪು ಹಾಕಿದ್ದೂ ಒಂದು ಕಾರಣ ಇದ್ದೀತು ಅಂತ ರೇಷ್ಮೆ ಸಾಹೇಬರನ್ನು ಕೇಳಿ ತಿಳಿದುಕೊಂಡೆ. ಅದನ್ನೂ ಅತ್ತೆಗೆ ಕೇಳಿಸುವ ಹಾಗೆಯೇ ಕೇಳಿದೆ.

ಮೂರನೆಯ ಕೂಸು ದಿನ ತುಂಬಿ ಬಂತು. ಕೊಳ್ಳೇಗಾಲದಲ್ಲಿ ಹೆರಿಗೆಯಾಯಿತು. ಹೆಣ್ಣು, ಕೇರಿಗೆ ಕೇಳುವಂತೆ ಅತ್ತಿತು. ಊರಿಗೆ ಬಂದ ಮೇಲೆ ಅತ್ತೆ ಬಚ್ಚಲಿನಲ್ಲಿ ಹಂಡೆ ತುಂಬಿ ಬಿಸಿ ಮಾಡಿ, ಹರಳೆಣ್ಣೆ ಕಾಯಿಸಿ, ಮಣೆಯ ಮೇಲೆ ಕಾಲು ನೀಡಿ ಕೂತಳು. ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ನೀರೆರೆಯುವುದು ಅಜ್ಜಿಯ ಹಕ್ಕು. ಆ ಹಕ್ಕನ್ನು ಯಾವ ಮನೆಯಲ್ಲೂ ಯಾವ ಸೊಸೆಯೂ ಕಿತ್ತುಕೊಳ್ಳುವುದಿಲ್ಲ. ನಾನು ಕೂಸನ್ನು ಎತ್ತಿಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತೆ. ಇನ್ನು ಈ ಮನೆಯಲ್ಲಿ ನನ್ನ ಕೂಸನ್ನು ನೀನು ತೊಳೆಯುವುದು ಬೇಡ ಅಂದೆ.

ಅವಳು ನೀಡಿದ್ದ ಕಾಲು ಮಡಚಿಕೊಂಡು ಎದ್ದಳು. ನಾನು ಅನುಭವವಿಲ್ಲದೆ ಕೂಸಿನ ಕಣ್ಣಿಗೆ ನೀರು ಬಿಟ್ಟು, ಅದು ಕಿರುಚಿ, ನಾನೂ ಅತ್ತು, ಹೇಗೋ ಸ್ನಾನ ಮುಗಿಸಿದೆ. ಅವಳು ಹೊರಗೆ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಮಗಳಿಗೂ, ಆಮೇಲೆ ಹುಟ್ಟಿದ ಮಗನಿಗೂ, ಒಂದು ಚೊಂಬು ನೀರನ್ನೂ ಅವಳ ಕೈಯಿಂದ ಹಾಕಿಸಲಿಲ್ಲ. ಗಂಡ ಒಮ್ಮೆ ಹೇಳಿ ನೋಡಿದ. ಬದುವಿಗೆ ಹೋಗಿ ಅಲ್ಲಿ ಮಲಗಿರುವವರನ್ನು ಕೇಳಿಕೊಂಡು ಬಾ ಅಂದೆ. ಅವನು ಮತ್ತೆ ಆ ಮಾತೆತ್ತಲಿಲ್ಲ.

ಈ ನಡುವೆ ನಾನು ಊರಿಗೆ ಉಪಕಾರಿಯಾದೆ. ನಗಬೇಡಿ, ನಿಜ. ಬಸಿರಿ ಹೆಂಗಸು ಯಾರೇ ಸಿಗಲಿ, ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯಲ್ಲಿ, ಸೊಪ್ಪಿನ ಚಾಪೆಯ ಮೇಲೆ, ನಿಲ್ಲಿಸಿ ಕೇಳುತ್ತಿದ್ದೆ. ಬಿಳುಪು ಹೋಗುತ್ತದಾ, ವಾಸನೆ ಇದೆಯಾ, ಒಳಗೆ ಏನಾದರೂ ಹಾಕಿ ತೊಳೆಯುತ್ತೀಯಾ? ಕೇಳಿದರೆ ಎಷ್ಟು ಜನ ತೊಳೆಯುತ್ತಿದ್ದರು ಗೊತ್ತೇ. ಸೋಪು, ಪಟಿಕದ ನೀರು, ಡೆಟಾಲು. ಬ್ಲೀಚಿಂಗ್ ಮಾತ್ರ ನಮ್ಮ ಮನೆಯ ಬುದ್ಧಿವಂತಿಕೆ. ಬಿಡಿಸಿದೆ. ಆಸ್ಪತ್ರೆಗೆ ಕಳಿಸಿದೆ, ನಾಚಿಕೆಪಡುವವರ ಜೊತೆ ನಾನೇ ಬಸ್ಸು ಹತ್ತಿದೆ. ಊರಿಗೆ ಬರುತ್ತಿದ್ದ ನರ್ಸಮ್ಮ ನನ್ನನ್ನು ಹೊಗಳುತ್ತಿದ್ದರು. ಅವರಿಗೆ ತಿಳಿಯದ್ದು ಏನೆಂದರೆ, ಈ ಪಾಠವನ್ನು ಆದಷ್ಟೂ ಅತ್ತೆ ಕೂತಿರುವ ಕಡೆಯೇ ನಾನು ಮಾಡುತ್ತಿದ್ದೆ. ನಾನು ಎರಡು ಕಳಕೊಂಡೆ, ನೀವು ಕಳಕೊಬೇಡಿ ಅಂತ ಗಟ್ಟಿಯಾಗಿ ಹೇಳಿ ಅವಳ ಕಡೆ ನೋಡುತ್ತಿದ್ದೆ. ಅವಳು ರಾಗಿ ಹಸನು ಮಾಡುತ್ತಿದ್ದರೆ ಮೊರ ನಿಲ್ಲುತ್ತಿತ್ತು. ಆ ಮೊರ ನಿಲ್ಲುವುದನ್ನು ನೋಡಲೆಂದೇ ನಾನು ಎಷ್ಟೋ ಜನಕ್ಕೆ ಒಳ್ಳೆಯದು ಮಾಡಿದೆ.

ಹೀಗೆ ವರ್ಷಗಳು ಕಳೆದವು. ನನ್ನ ಗಂಡನಿಗೆ ಒಬ್ಬಳೇ ತಂಗಿ. ನಾನು ಮದುವೆಯಾಗಿ ಬಂದಾಗ ಅವಳು ಒಂಬತ್ತು ವರ್ಷದವಳು, ಮಲಗುತ್ತಿದ್ದದ್ದು ನನ್ನ ಪಕ್ಕ, ಬೆಳೆದದ್ದೂ ನನ್ನ ಸೆರಗು ಹಿಡಿದೇ. ಹನೂರಿನ ಕಡೆಗೆ ಕೊಟ್ಟಿದ್ದರು. ಮದುವೆಯಾಗಿ ನಾಲ್ಕು ವರ್ಷಕ್ಕೆ ಬಸಿರಾಗಿ, ಐದನೇ ತಿಂಗಳಲ್ಲಿ ತವರಿಗೆ ಬಂದಳು. ಬಂದವಳು ನನ್ನ ಕಿವಿಯಲ್ಲಿ ಹೇಳಿದಳು, ಅತ್ತಿಗೆ, ಬಿಳುಪು.

ಅತ್ತೆಗೂ ಗೊತ್ತಾಯಿತು. ಆ ಮೂಗು ಹಾಗೆಯೇ ಇತ್ತು. ಆದರೆ ಅವಳು ಮಗಳ ಹತ್ತಿರ ಹೋಗಲಿಲ್ಲ, ನನ್ನ ಹತ್ತಿರ ಬಂದಳು. ನೀನೇ ನೋಡ್ಕೊ ಅಂದಳು. ತನ್ನ ಹೊಟ್ಟೆಯ ಮಗಳನ್ನು ಮುಟ್ಟಲು ಹೆದರುತ್ತಿದ್ದಳು.

ನನಗೆ ಬೇಕಾಗಿದ್ದದ್ದೂ ಅದೇ. ನಾದಿನಿಯ ಮೇಲೆ ನನಗೆ ಪ್ರೀತಿಯಿತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಆಸೆಯಿತ್ತು. ತೊಳೆಯದೆ, ಮಾತ್ರೆ ಕೊಟ್ಟು, ಈ ಕೂಸನ್ನು ದಿನ ತುಂಬಿಸಿ ಅತ್ತೆಯ ಮುಂದೆ ಇಡಬೇಕು. ನೋಡು, ನನ್ನವೂ ಹೀಗೆಯೇ ಉಳಿಯುತ್ತಿದ್ದವು ಅನ್ನಬೇಕು. ಕೂಸು ಹುಟ್ಟುವ ಮುಂಚೆಯೇ ಅದರ ಕೈಗೆ ನಾನು ಕೋಲು ಕೊಟ್ಟಿದ್ದೆ.

ಅವಳನ್ನು ಕರೆದುಕೊಂಡು ಕಾಮಗೆರೆಗೆ ಹೋದೆ. ಹಳೆಯ ಡಾಕ್ಟರಮ್ಮ ಊರು ಬಿಟ್ಟಿದ್ದರು, ಹೊಸಬರಿದ್ದರು. ಅದೇ ಪರೀಕ್ಷೆ, ಅದೇ ಮಾತ್ರೆ. ಏಳು ದಿನವೂ ನಾನೇ ಕೈಯಲ್ಲಿ ಹಾಕಿ ನುಂಗಿಸಿದೆ. ವಾಸನೆ ಹೋಯಿತು. ಮತ್ತೆ ಕರೆದುಕೊಂಡು ಹೋಗಿ ತೋರಿಸಿದೆ, ಸರಿಹೋಗಿದೆ ಅಂದರು. ಕಬ್ಬಿಣದ ಮಾತ್ರೆ, ಸೊಪ್ಪಿನ ಸಾರು, ಮೊಟ್ಟೆ, ಮಧ್ಯಾಹ್ನ ಮಲಗುವುದು, ಭಾರ ಎತ್ತದಿರುವುದು, ಒಂದನ್ನೂ ತಪ್ಪಿಸಲಿಲ್ಲ. ಅವಳು ಬಚ್ಚಲಿಗೆ ಹೋದರೆ ನಾನು ಹೊರಗೆ ನಿಂತು, ಒಳಗೆ ನೀರು ಬಿಟ್ಕೋಬೇಡ ಅಂತ ಕೂಗುತ್ತಿದ್ದೆ. ಅತ್ತೆ ಎಲ್ಲವನ್ನೂ ದೂರದಿಂದ ನೋಡುತ್ತಿದ್ದಳು. ಅವಳು ಊಟ ಕಡಿಮೆ ಮಾಡಿದ್ದಳು. ಹರಕೆ ಹೊತ್ತಿದ್ದಳೋ ಏನೋ, ನಾನು ಕೇಳಲಿಲ್ಲ.

ಏಳು ತಿಂಗಳು ಮುಗಿಯುತ್ತ ಬಂದಿತ್ತು. ಹಗಲು ಹನ್ನೊಂದು ಗಂಟೆಯಿರಬೇಕು. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದವಳು ಅತ್ತಿಗೆ ಅಂತ ಕರೆದಳು. ಆ ದನಿ ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಅವಳ ಲಂಗ ಒದ್ದೆಯಾಗಿತ್ತು. ಯಳಂದೂರಿನಿಂದ ಜೀಪು ತರಿಸಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದೆವು. ಗಂಡುಕೂಸು. ಉಸಿರು ಸಾಲದು, ಮೈಸೂರಿಗೆ ಒಯ್ಯಿರಿ ಅಂದರು. ಹತ್ತಿಯಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡು ಕಾರಿನಲ್ಲಿ ಕೂತವಳು ನಾನೇ. ನರಸೀಪುರ ದಾಟುವ ಮೊದಲೇ ಅದರ ಎದೆ ಏರಿಳಿಯುವುದು ನಿಂತಿತು. ಡ್ರೈವರಿಗೆ ಹೇಳಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ವಾರ ಬಿಟ್ಟು ಕಾಮಗೆರೆಗೆ ಹೋಗಿ ಆ ಹೊಸ ಡಾಕ್ಟರಮ್ಮನ ಮೇಲೆ ಎರಗಿದೆ. ಕ್ರಿಮಿ ಹೋಗಿದೆ ಅಂದಿರಿ, ಯಾರೂ ತೊಳೆಯಲಿಲ್ಲ, ಮತ್ತೆ ಯಾಕೆ ಹೀಗಾಯಿತು ಅಂತ ಕೇಳಿದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ದಿನ ತುಂಬುವ ಮುಂಚೆ ಹೆರಿಗೆಯಾಗಲು ಕಾರಣಗಳು ಹಲವು, ಎಷ್ಟೋ ಸಲ ಕ್ರಿಮಿಗೆ ಮಾತ್ರೆ ಕೊಟ್ಟರೂ ತಡೆಯಲು ಆಗುವುದಿಲ್ಲ, ಕಾರಣವೇ ಸಿಗದೆ ಇರುವುದೂ ಉಂಟು, ನಮಗೆ ಗೊತ್ತಿರುವಷ್ಟನ್ನೂ ಮಾಡಿದೆವು, ನೀವೂ ಮಾಡಿದಿರಿ ಅಂದರು. ಹಾಗಂತ ಬಿಳುಪನ್ನು ತೋರಿಸದೆ ಇರಬಾರದು, ತೊಳೆಯಲೂ ಬಾರದು ಅಂದರು. ನಾನು ಎದ್ದು ಬಂದೆ. ಬಸ್ಸಿನಲ್ಲಿ ಬಾಯಿಪಾಠ ಮಾಡಲು ಈ ಸಲ ಏನೂ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನಾನು ಹಿತ್ತಲಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ನಾದಿನಿ ಒಳಗೆ ಮಲಗಿದ್ದಳು, ಹಾಲು ಕಟ್ಟಿಕೊಂಡು ಎದೆ ನೋಯುತ್ತಿತ್ತು ಅವಳಿಗೆ. ಅತ್ತೆ ಬಂದು ನನ್ನ ಎದುರಿಗೆ ನಿಂತಳು. ಇಷ್ಟು ವರ್ಷದಲ್ಲಿ ಅವಳಾಗಿ ನನ್ನ ಎದುರಿಗೆ ಬಂದು ನಿಂತದ್ದು ಕಡಿಮೆ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಲೆಕ್ಕ ತಿಳಿಯದ ಮಕ್ಕಳು ಮೇಷ್ಟರನ್ನು ಕೇಳುವ ಹಾಗೆ ಕೇಳಿದಳು.

“ಇವುಳ್ಗ ಯಾರೂ ತೊಳೀನಿಲ್ವಲ್ಲಮ್ಮಿ. ಮತ್ತ ಈ ಕೂಸು ಯಾಕ ಓಯ್ತು?”

ಅವಳು ಕೇಳುತ್ತಿದ್ದದ್ದು ಮಗಳ ಕೂಸಿನ ವಿಷಯ ಅಲ್ಲ, ಅದು ನನಗೆ ಕೂಡಲೇ ತಿಳಿಯಿತು. ತನ್ನ ಕೈಯ ವಿಷಯ ಕೇಳುತ್ತಿದ್ದಳು. ಹಳೆಯ ಡಾಕ್ಟರಮ್ಮ ನಿಜವಾಗಿ ಹೇಳಿದ್ದು ಏನು ಅಂತ ಅವತ್ತು, ಆ ಕಲ್ಲಿನ ಹತ್ತಿರ, ನಾನು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ಅವಳು ಹೋಗಿ ಮಗಳ ತಲೆ ಸವರುತ್ತಿದ್ದಳು, ನನ್ನ ಮಕ್ಕಳನ್ನು ಹತ್ತಿರ ಕರೆಯುತ್ತಿದ್ದಳು. ನನಗೆ ಅದೆಲ್ಲ ಕಣ್ಣಿಗೆ ಕಟ್ಟಿತು. ಬದುವೂ ಕಣ್ಣಿಗೆ ಕಟ್ಟಿತು.

“ಅವಳ್ದು ಬ್ಯಾರೆ ಕಣತ್ತೆ” ಅಂದೆ.

ಅವಳು ತಲೆಯಾಡಿಸಿದಳು.

“ಊಂ. ಬ್ಯಾರೇನೆ ಇರ್ಬೇಕು ಬುಡು” ಅಂದಳು.

ನಾನು ಸೀರೆಯನ್ನು ನೀರಿನಿಂದ ಎತ್ತಿದೆ. ಒಬ್ಬಳೇ ಹಿಂಡಲು ಆಗದಷ್ಟು ಭಾರವಾಗಿತ್ತು. ಅವಳು ಇನ್ನೊಂದು ತುದಿ ಹಿಡಿದುಕೊಂಡಳು, ಇಬ್ಬರೂ ಸೇರಿ ಹಿಂಡಿದೆವು. ಆಮೇಲೆ ಅತ್ತೆ ನಾಲ್ಕು ವರ್ಷ ಅದೇ ಮನೆಯಲ್ಲಿ ಬದುಕಿದ್ದಳು, ಎರಡು ಸಾವಿರದ ನಾಲ್ಕರಲ್ಲಿ ತೀರಿಕೊಂಡಳು. ಯಾವ ದಿನ ಬೇಕಾದರೂ ಹೇಳಬಹುದಿತ್ತು. ನಾನು ಹೇಳಲಿಲ್ಲ.